ಹದಿನೇಳನೆಯ ಅಪಾಯ

ತೂ ಶಿಮಿಂಗ್ ಆ ಬೆಳಿಗ್ಗೆ ತಿಂಡಿ ತಿನ್ನದೆ ಮನೆ ಬಿಟ್ಟದ್ದೇ ಎಲ್ಲಕ್ಕೂ ಮೂಲವಾಯಿತು. ಮೊಟ್ಟೆರೊಟ್ಟಿಯ ಅಂಗಡಿಯ ಮುಂದೆ ಹನ್ನೊಂದು ಜನ ಸಾಲುಗಟ್ಟಿ ನಿಂತಿದ್ದರು. ಅವನ ಚೀಲದಲ್ಲಿ ನಲವತ್ತೆರಡು ಅಪಾಯಗಳು ಅವಸರಿಸುತ್ತಿದ್ದವು. ಅಪಾಯಗಳಿಗಾಗಿ ಅವನು ರೊಟ್ಟಿಯನ್ನು ತ್ಯಾಗ ಮಾಡಿದ.

ಅಪಾಯಗಳೆಲ್ಲ ಅವನೇ ಬರೆದ ದಪ್ಪ ವರದಿಯಲ್ಲಿದ್ದವು. ಲುಕಾಂಗ್ ಎಂಬ ಊರಿನ ಆ ನಲ್ಲಿ ಕಾರ್ಖಾನೆಗೆ ಒಂದು ಪರೀಕ್ಷಾ ಯಂತ್ರ ಬಂದಿತ್ತು. ಅದರ ಒಂಟಿ ಕಣ್ಣು ನಲ್ಲಿಯ ಹೊಳಪಿನ ಮೇಲಿನ ಕೂದಲೆಳೆಯಂಥ ಗೀರನ್ನೂ ಬಿಡುತ್ತಿರಲಿಲ್ಲ. ಸಂಜೆ ನಾಲ್ಕಕ್ಕೆ ಒಸಾಕಾದ ಖರೀದಿದಾರ ಶಿಗೆನೊ ಅದನ್ನು ನೋಡಲು ಬರುವವರಿದ್ದರು. ಎಲ್ಲವೂ ಸುಸೂತ್ರವಾದರೆ ಶಿಮಿಂಗ್ ಉಪವ್ಯವಸ್ಥಾಪಕ. ಕೆಟ್ಟರೆ ಹೊಳಪು ಹಾಕುವ ವಿಭಾಗದ ಧೂಳಿಗೆ ವಾಪಸು. ಯಜಮಾನಿ ಕೋ ಇದನ್ನು ಎಲ್ಲರೆದುರಿಗೇ ಸಾರಿದ್ದಳು. ಅವನು ಭೂಕಂಪ, ಚಂಡಮಾರುತ, ಮಾಹಿತಿ ಕಳ್ಳತನ, ಇಲಿ, ಹಲ್ಲಿ ಎಲ್ಲಕ್ಕೂ ಒಂದೊಂದು ಏರ್ಪಾಡು ಮಾಡಿದ್ದ. ಯಜಮಾನಿಯ ಹಟಕ್ಕೆ ಹಸಿರು ಪೊಟ್ಟಣದ ರಕ್ಷಣೆಯನ್ನೂ ಹದಿನೇಳನೆಯದಾಗಿ ಸೇರಿಸಿ, ಅದಕ್ಕೂ ಏನೋ ಒಂದು ವ್ಯವಸ್ಥೆ ಮಾಡಿ, ಮರೆತಿದ್ದ.

ಹಸಿರು ಪೊಟ್ಟಣವಿಲ್ಲದೆ ಆ ಊರಿನಲ್ಲಿ ಯಾವ ಯಂತ್ರವೂ ನೆಟ್ಟಗೆ ನಡೆಯದು. ಅದರೊಳಗೆ ಇರುವುದು ತೆಂಗಿನ ಹಾಲಿನ ರುಚಿಯ ಜೋಳದ ಕುರುಕಲು; ಹೊರಗೆ ಬರೆದಿರುವುದು, ಹಟ ಮಾಡುವ ಮಗುವಿಗೆ ಜಾಣನಾಗಿರೆಂದು ಹೇಳುವ ಮಾತು. ಯಂತ್ರದ ತಲೆಯ ಮೇಲೆ ಅದನ್ನಿಟ್ಟರೆ ಯಂತ್ರ ಜಾಣನಾಗಿರುತ್ತದೆ. ಬಣ್ಣ ಹಸಿರೇ ಆಗಬೇಕು, ತಿನ್ನುವ ಅವಧಿ ಮುಗಿದಿರಬಾರದು. ಮತ್ತು ಅದನ್ನು ಯಾರೂ ತಿನ್ನಬಾರದು.

ಒಂಬತ್ತೂ ನಲವತ್ತಕ್ಕೆ, ಕೊನೆಯ ತಾಲೀಮಿನ ಅಂಕಿಗಳಲ್ಲಿ ಮುಳುಗಿದ್ದ ಶಿಮಿಂಗನ ಕೈ ತನ್ನಷ್ಟಕ್ಕೆ ತಾನೇ ಮೇಲೆ ಹೋಯಿತು, ತನ್ನಷ್ಟಕ್ಕೆ ತಾನೇ ಪೊಟ್ಟಣ ಹರಿಯಿತು, ತನ್ನಷ್ಟಕ್ಕೆ ತಾನೇ ಬಾಯಿ ತುಂಬಿಸಿತು. ಪೊಟ್ಟಣದ ತಳ ಬೆರಳಿಗೆ ತಾಗಿದಾಗ ಅವನಿಗೆ ಎಚ್ಚರವಾಯಿತು. ಬೆಚ್ಚಿಬಿದ್ದು ಕೈಯೂರಿ ಯಂತ್ರಕ್ಕೆ ಆತುಕೊಂಡ. ಖಾಲಿ ಪೊಟ್ಟಣವನ್ನು ಜೇಬಿಗೆ ತುರುಕಿದ.

ಮರುಕ್ಷಣವೇ ಯಂತ್ರ ಹಟ ಹಿಡಿಯಿತು. ಬಂದ ನಲ್ಲಿಗಳನ್ನೆಲ್ಲ ತಿರಸ್ಕಾರದ ಬುಟ್ಟಿಗೆ ನೂಕತೊಡಗಿತು. ವಧುವನ್ನು ನೋಡಲು ಬಂದ ಸೋದರತ್ತೆಯಂತೆ ಅದಕ್ಕೆ ಯಾವುದರಲ್ಲೂ ಚಂದ ಕಾಣಲಿಲ್ಲ.

ಸದ್ದು ಕೇಳಿ ಬಂದ ಯಜಮಾನಿ ಮೊದಲು ನೋಡಿದ್ದು ಯಂತ್ರದ ತಲೆಯನ್ನು. "ಪೊಟ್ಟಣ ಎಲ್ಲೋ?"

"ಅವಧಿ... ಅವಧಿ ಹತ್ರ ಬಂದಿತ್ತು ಅಮ್ಮಾವ್ರೇ. ಹೊಸದು ತರೋಣ ಅಂತ ತೆಗೆದೆ."

"ಹಳೇದು ತೆಗೆಯೋಕೆ ಮುಂಚೆ ಹೊಸದು ಇಡಬೇಕು ಅನ್ನೋ ಬುದ್ಧಿ ಇಲ್ವಾ? ನಲವತ್ತೆರಡು ಅಪಾಯ ಬರೆದಿದ್ದಾನಂತೆ! ಓಡು!"

ಶಿಮಿಂಗ್ ಸ್ಕೂಟರ್ ಹತ್ತಿ ಓಡಿದ. ಮೊದಲ ಅಂಗಡಿಯಲ್ಲಿ ಹಳದಿ ಪೊಟ್ಟಣ ಮಾತ್ರ ಇತ್ತು. ಎರಡನೆಯದರಲ್ಲಿ ಹಳದಿಯೂ ಕೆಂಪೂ ಇದ್ದವು. ಮೂರನೆಯ ಅಂಗಡಿಯ ಅಜ್ಜಿ ಅವನನ್ನು ಕಂಡು ನಕ್ಕುಬಿಟ್ಟಳು.

"ಹಸಿರಾ? ಈ ತಿಂಗಳು ಎಲ್ಲಾ ಕಾರ್ಖಾನೆಗೂ ಹೊಸ ಯಂತ್ರ ಬಂದಿದೆಯಪ್ಪಾ. ಪೆಟ್ಟಿಗೆಗಟ್ಲೆ ಹೊತ್ಕೊಂಡು ಹೋದ್ರು. ಹಳದಿ ತಗೋ, ರುಚಿ ಚೆನ್ನಾಗಿದೆ."

"ಹಳದಿ ಇಟ್ರೆ ಯಂತ್ರ ಹಳದಿ ದೀಪ ಹಾಕ್ಕೊಂಡು ಕೂತ್ಬಿಡುತ್ತೆ ಅಜ್ಜಿ! ನಿಮ್ಮ ಫ್ರಿಜ್ ಮೇಲೆ ಒಂದು ಹಸಿರು ಕಾಣ್ತಿದೆಯಲ್ಲ?"

ಅಜ್ಜಿ ಕನ್ನಡಕ ಏರಿಸಿ ದಿನಾಂಕ ಓದಿದಳು. "ಹೋದ ವರ್ಷವೇ ಮುಗಿದಿದೆ. ಅದಕ್ಕೇ ಈ ಫ್ರಿಜ್ ಗೊರಗೊರ ಅಂತಿರೋದು! ಹಸಿರು ಸಿಕ್ಕಿದ್ರೆ ನಂಗೂ ಒಂದು ತಾ ಮಗಾ."

ಊರೆಲ್ಲ ಅಲೆದು ಮೂರು ಗಂಟೆಗೆ ಶಿಮಿಂಗ್ ಬರಿಗೈಯಲ್ಲಿ ಹಿಂಬಾಗಿಲಿನಿಂದ ನುಸುಳಿ ಬಂದ. ಜೇಬಿನ ಖಾಲಿ ಪೊಟ್ಟಣಕ್ಕೆ ನಲ್ಲಿ ಒರೆಸುವ ಹತ್ತಿಯನ್ನು ತುಂಬಿ, ಪ್ಯಾಕಿಂಗ್ ವಿಭಾಗದ ಬಿಸಿ ಪಟ್ಟಿಗೆ ಅದರ ಬಾಯಿ ಒತ್ತಿ ಅಂಟಿಸುತ್ತಿರುವಾಗ ಹಿಂದಿನಿಂದ ಯಾರೋ ಮೂಸಿದ ಸದ್ದಾಯಿತು.

"ತೆಂಗಿನಕಾಯಿ ವಾಸನೆ," ಎಂದಳು ಲ್ಯಾವ್ ಅಕ್ಕ. ಇಪ್ಪತ್ತೆರಡು ವರ್ಷಗಳಿಂದ ನಲ್ಲಿಗಳ ಗೀರುಗಳನ್ನು ಬರಿಗಣ್ಣಿನಿಂದಲೇ ಹಿಡಿಯುತ್ತ ಬಂದವಳು ಅವಳು. "ತಿಂದ್ಯಾ?"

"ಅಕ್ಕಾ, ದಮ್ಮಯ್ಯ, ಮೆಲ್ಲಗೆ!"

"ನಿನ್ನ ವರದಿ ಓದಿದೆ ಕಣೋ. ಇಲಿ ಇದೆ, ಹಲ್ಲಿ ಇದೆ. ಯಂತ್ರ ಬಂದ್ಮೇಲೆ ಲ್ಯಾವ್ ಎಲ್ಲಿ ಕೂರ್ತಾಳೆ ಅಂತ ಯಾವ ಪುಟದಲ್ಲೂ ಇಲ್ಲ. ಹುಡುಕಿದ್ರೆ ಕೊನೆಗೆ ಸಿಕ್ತು ನೋಡು, 'ಅವಕಾಶಗಳು' ಅನ್ನೋ ಕಡೆ, 'ಒಬ್ಬರ ಸಂಬಳ ಉಳಿತಾಯ' ಅಂತ!"

ಶಿಮಿಂಗನ ಕಿವಿ ಕೆಂಪಾಯಿತು. ಅಕ್ಕ ಯಂತ್ರದ ಬಳಿಗೆ ನಡೆದು, ಅದರ ಕಣ್ಣಿನೊಳಗೆ ಕಣ್ಣಿಟ್ಟು ನೋಡಿ, ಅಂಗಿಯ ತೋಳಿನ ತುದಿಯಿಂದ ಒಮ್ಮೆ ಒರೆಸಿದಳು. "ಎಣ್ಣೆಗೈಯಲ್ಲಿ ಕಣ್ಣು ಮುಟ್ಟಿದೀಯ. ಪಾಪ, ಲೋಕವೆಲ್ಲ ಮಬ್ಬಾಗಿ ಕಂಡಿದೆ." ಯಂತ್ರ ಕೂಡಲೇ ಜಾಣನಾಯಿತು.

ಹತ್ತಿಯ ಪೊಟ್ಟಣ ತಲೆಯೇರಿತು. ಯಜಮಾನಿ ಅದಕ್ಕೆ ಕೈಮುಗಿದು, "ನೋಡಿದ್ಯಾ, ಇಟ್ಟ ತಕ್ಷಣ ಸರಿಹೋಯ್ತು!" ಎಂದಳು. ಅಕ್ಕ ಕೆಮ್ಮಿದಳು.

ನಾಲ್ಕಕ್ಕೆ ಬಂದ ಶಿಗೆನೊ ಇನ್ನೂರು ನಲ್ಲಿಗಳ ಪರೀಕ್ಷೆಯನ್ನು ನಿಂತು ನೋಡಿದರು. ಒಂದೂ ತಪ್ಪಲಿಲ್ಲ. "ಯಂತ್ರ ಎಲ್ಲರ ಹತ್ತಿರವೂ ಇದೆ," ಎಂದರು ಅವರು ಮೆಲುದನಿಯಲ್ಲಿ. "ಯಂತ್ರ ತಂದವರು ಅಪಾಯಕ್ಕೆ ಎಷ್ಟು ಸಿದ್ಧರಾಗಿದ್ದಾರೆ ಅನ್ನೋದು ನನಗೆ ಮುಖ್ಯ."

ಈ ಮಾತಿಗಾಗಿಯೇ ಶಿಮಿಂಗ್ ಮೂರು ತಿಂಗಳಿನಿಂದ ಕಾದಿದ್ದ. ಎದೆಯುಬ್ಬಿಸಿ ಗುಂಡಿ ಒತ್ತಿದ. ಗೋಡೆಯ ದೊಡ್ಡ ಪರದೆಯ ಮೇಲೆ ದಿನದ ವರದಿ ಸಾಲುಸಾಲಾಗಿ ಮೂಡಿತು. ಒಂದು, ಭೂಕಂಪ: ಇಲ್ಲ, ಹಸಿರು. ಎರಡು, ಚಂಡಮಾರುತ: ಇಲ್ಲ, ಹಸಿರು. ಶಿಗೆನೊ ಪ್ರತಿ ಸಾಲಿಗೂ ತಲೆದೂಗಿದರು. ಹದಿನೈದು, ಹಸಿರು. ಹದಿನಾರು, ಹಸಿರು. ಆಗ ಶಿಮಿಂಗನಿಗೆ ತಾನು ಹದಿನೇಳಕ್ಕೆ ಮಾಡಿದ್ದ ಏರ್ಪಾಡು ನೆನಪಾಯಿತು.

ಪರದೆ ಕೆಂಪಾಯಿತು. 'ಪೊಟ್ಟಣದ ಮೇಲೆ ಆಕ್ರಮಣ. ಸಮಯ ಒಂಬತ್ತೂ ನಲವತ್ತು.' ಕೆಳಗೆ ಕಾವಲು ಕ್ಯಾಮೆರಾ ತೆಗೆದ ಗೋಡೆಯಗಲದ ಚಿತ್ರ: ಶಿಮಿಂಗ್, ಸೋರೆ ಬುರುಡೆಯಂತೆ ಉಬ್ಬಿದ ಕೆನ್ನೆಗಳು, ಗಲ್ಲದ ಮೇಲೆ ಕುರುಕಲಿನ ಪುಡಿ. ಅದರ ಕೆಳಗೆ ಮೂರೂ ಇಪ್ಪತ್ತರ ಚಿತ್ರ: 'ಪೊಟ್ಟಣ ನಕಲಿ. ಅಂಚನ್ನು ಮತ್ತೆ ಅಂಟಿಸಲಾಗಿದೆ.'

ಶಿಗೆನೊ ಚಪ್ಪಾಳೆ ತಟ್ಟಿದರು. "ಅದ್ಭುತ! ಸಿದ್ಧಪಡಿಸಿದವನನ್ನೇ ಹಿಡಿಯುವಷ್ಟು ಸಿದ್ಧತೆ! ಇಂಥ ಪ್ರಾಮಾಣಿಕ ಪ್ರದರ್ಶನ ನಾನು ಎಲ್ಲೂ ನೋಡಿಲ್ಲ." ಸೊಂಟ ಬಾಗಿಸಿ ಶಿಮಿಂಗನಿಗೆ ನಮಿಸಿ, ಐದು ವರ್ಷಗಳ ಒಪ್ಪಂದಕ್ಕೆ ಒಪ್ಪಿದರು. ಕೇಳಿದ್ದು ಎರಡೇ: ಯಂತ್ರದ ಕಣ್ಣನ್ನು ದಿನವೂ ನೋಡಿಕೊಳ್ಳಲು ನುರಿತವರೊಬ್ಬರು ಇರಬೇಕು, ಮತ್ತು ಆ ಚಿತ್ರದ ಒಂದು ಪ್ರತಿ, ಒಸಾಕಾದ ತಮ್ಮ ಕಾರ್ಖಾನೆಗಳ ಗೋಡೆಗೆ.

ಯಜಮಾನಿ ಮಾತಿಗೆ ತಪ್ಪುವವಳಲ್ಲ. ಪ್ರದರ್ಶನ ಸುಸೂತ್ರವಾದ್ದರಿಂದ ಉಪವ್ಯವಸ್ಥಾಪಕರ ಹುದ್ದೆ ತುಂಬಲೇಬೇಕಿತ್ತು; ಯಂತ್ರದ ಕಣ್ಣನ್ನೂ ವಹಿಸಿ ಲ್ಯಾವ್ ಅಕ್ಕನಿಂದ ತುಂಬಿಸಿದಳು. ಖರೀದಿದಾರರು ನಮಿಸಿದವನನ್ನು ಧೂಳಿಗೆ ಕಳಿಸುವಂತಿರಲಿಲ್ಲವಾದ್ದರಿಂದ, ಅಕ್ಕನ ಹಳೆಯ ಸ್ಟೂಲನ್ನು ಯಂತ್ರದ ಪಕ್ಕಕ್ಕೆ ಹಾಕಿಸಿ ಶಿಮಿಂಗನನ್ನು ಪೊಟ್ಟಣದ ಕಾವಲಿಗೆ ಕೂರಿಸಿದಳು. ಬಾಯಿಗೆ ಮಾಸ್ಕ್ ಕಡ್ಡಾಯ.

ಮರುವಾರ ನಿಜವಾದ ಹಸಿರು ಪೊಟ್ಟಣ ಸಿಕ್ಕಿತು. ಅಕ್ಕ ಅದರ ಬೆನ್ನಿನ ಮೇಲಿನ ದಿನಾಂಕವನ್ನು ಜೋರಾಗಿ ಓದಿ, ಶಿಮಿಂಗನ ಹೊಸ ನೇಮಕಪತ್ರದಲ್ಲಿ ಅವಧಿ ಮುಗಿಯುವ ದಿನವೆಂದು ಅದನ್ನೇ ಬರೆದಳು.