ನಮ್ಮತ್ತೆಯ ನೂಲಿನ ಸಂತೆ

ನೂಲು ಮಾರಲೆಂದು ಸಂತೆಗೆ ಹೋಗಿ, ಒಯ್ದದ್ದಕ್ಕಿಂತ ಹೆಚ್ಚು ನೂಲು ಹೊತ್ತುಕೊಂಡು ಮನೆಗೆ ಬರುವ ವ್ಯಾಪಾರಿಯನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಅವರ ಕೈಯ ರೊಟ್ಟಿ ತಿಂದಿದ್ದೇನೆ, ಬೈಗಳನ್ನೂ ತಿಂದಿದ್ದೇನೆ. ಅವರು ನನ್ನ ಅತ್ತೆ, ಅಂದರೆ ಗಂಡನ ತಾಯಿ. ಹೆಸರು ಮಾತ್ರ ಕೇಳಬೇಡಿ. ಅತ್ತೆಯ ಹೆಸರು ಹೇಳುವ ಧೈರ್ಯ ನನಗೆ ಆಗಲೂ ಇರಲಿಲ್ಲ, ಅವರಿಲ್ಲದ ಈಗಲೂ ಬಂದಿಲ್ಲ.

ನಮ್ಮ ಕಡೆ ಇನ್ನೂ ಮುಂಬಯಿ ಸರಕಾರವೇ ಇದ್ದ ಕಾಲ. ನಾನು ಮದುವೆಯಾಗಿ ಬಂದದ್ದು ರೋಣದ ಕಂಬಳಿ ನೇಯುವ ಮನೆಗೆ. ಮಾವ ಮತ್ತು ನನ್ನ ಗಂಡ ಮಗ್ಗದ ಮುಂದೆ, ಅತ್ತೆ ರಾಟೆಯ ಮುಂದೆ. ಕುರಿಯ ಉಣ್ಣೆ ಹಿಂಜಿ, ನೂತು, ಬೇವಿನ ಕಡ್ಡಿಗೆ ಸುತ್ತಿ ಉಂಡೆ ಮಾಡುವುದು ಅತ್ತೆಯ ಕೆಲಸ. ಮನೆಯ ಮಗ್ಗಕ್ಕೆ ಸಾಕಾಗಿ ಉಳಿದ ನೂಲು ರೋಣ, ನರಗುಂದ, ಗಜೇಂದ್ರಗಡದ ಸಂತೆಗಳಿಗೆ ಹೋಗುತ್ತಿತ್ತು. ಅದನ್ನು ಮಾರುವ ಹೊಣೆಯೂ ಅತ್ತೆಯದೇ. ಯಾರು ವಹಿಸಿದರೋ ಆ ಪುಣ್ಯಾತ್ಮರು ನನಗೆ ಗೊತ್ತಿಲ್ಲ.

ಏಕೆಂದರೆ ನಮ್ಮತ್ತೆ ನೂಲು ಮಾರುತ್ತಿರಲಿಲ್ಲ, ಧಾರೆ ಎರೆದು ಕೊಡುತ್ತಿದ್ದರು. ಗಿರಾಕಿ ಬಂದು ಉಂಡೆ ಎತ್ತಿಕೊಂಡರೆ ಸಾಕು, ವಿಚಾರಣೆ ಶುರುವಾಗುತ್ತಿತ್ತು. ನೂಲು ಯಾತಕ್ಕೆ? ಕಂಬಳಿಗಾದರೆ ಯಾರು ಹೊದೆಯುವ ಕಂಬಳಿ? ನಿಮ್ಮ ಮನೆಯಲ್ಲಿ ಜನವೆಷ್ಟು? ಮನೆ ಸೋರುತ್ತದೆಯೇ? ಒಮ್ಮೆ ಲಕ್ಕಲಕಟ್ಟಿಯವನೊಬ್ಬ ಇದಕ್ಕೆಲ್ಲ ಉತ್ತರ ಕೊಟ್ಟು ಕೊಟ್ಟು ಸೋತುಹೋದ.

“ಅವ್ವಾರ, ನಾ ನೂಲು ಕೇಳಾಕ ಬಂದೀನ್ರಿ. ನಿಮ್ಮ ಮಗಳನ್ನ ಕೇಳಾಕ ಬಂದಿಲ್ಲ” ಎಂದ.

“ಮಗಳಾದ್ರ ಇಷ್ಟು ಕೇಳತಿದ್ದಿಲ್ಲ ಬಿಡಪಾ. ಆಕಿಗೆ ತ್ರಾಸಾದ್ರ ತವರಿಗೆ ಬಂದು ಹೇಳತಾಳ. ನೂಲು ಬಂದು ಹೇಳತೈತೇನು?” ಎಂದರು ಅತ್ತೆ.

ಹೀಗೆ ಅರ್ಧ ದಿನ ವಿಚಾರಣೆ ನಡೆಸಿ, ಉಳಿದರ್ಧ ದಿನ ತಾವೇ ಗಿರಾಕಿಯಾಗುತ್ತಿದ್ದರು. ಇನ್ನೊಬ್ಬರ ನೂಲು ಕಂಡರೆ ಅವರ ಕೈ ತಡೆಯುತ್ತಿರಲಿಲ್ಲ. ಕೆನ್ನೆಗೆ ಒತ್ತಿ ನೋಡುವರು, ಮೂಸಿ ನೋಡುವರು, ಎಳೆ ಬಿಚ್ಚಿ ಹಲ್ಲಿನಲ್ಲಿ ಕಚ್ಚಿ ನೋಡುವರು. ಒಂದು ಸಲ ಗಜೇಂದ್ರಗಡದಿಂದ ಒಂದು ಗಂಟು ನೂಲು ತಂದು ಮಾವನ ಮುಂದೆ ಬಿಚ್ಚಿ, “ಇದನ್ನ ನೂತಾಕಿ ಕೈಗೆ ಬಂಗಾರದ ಬಳಿ ತೊಡಸಬೇಕು ನೋಡ್ರಿ” ಎಂದರು. ಮಾವ ಒಂದು ಉಂಡೆ ಬಿಚ್ಚಿದರು. ಒಳಗೆ ನಮ್ಮ ಹಿತ್ತಿಲಿನ ಬೇವಿನ ಕಡ್ಡಿ. ಬೆಳಿಗ್ಗೆ ದಲ್ಲಾಳಿಗೆ ಮಾರಿದ ತಮ್ಮದೇ ನೂಲನ್ನು ಮಧ್ಯಾಹ್ನ ಅವನಿಂದಲೇ ಕೊಂಡು ತಂದಿದ್ದರು!

“ತೊಡಸೋಣಂತ. ಮದಲ ಆಕಿಗೆ ಕೈ ಮುಂದ ಮಾಡು ಅನ್ನು” ಎಂದರು ಮಾವ.

ಅತ್ತೆ ಸೋಲುವ ಗಿರಾಕಿಯಲ್ಲ. “ನಂದ ಅಂತ ಗೊತ್ತಿತ್ರಿ. ಆ ದಲ್ಲಾಳಿ ನನ್ನ ನೂಲನ್ನ ಮಣ್ಣಾಗ ಒಗದಿದ್ದ. ಬಿಟ್ಟು ಬರೋದು ಹ್ಯಾಂಗ?” ಎಂದು ರಾಟೆಯ ಮುಂದೆ ಹೋಗಿ ಕೂತರು.

ಇಂಥ ಮನೆಗೆ ನಾನು ಎರಡು ಹೆಣಿಗೆಯ ಕಡ್ಡಿ ಹಿಡಿದುಕೊಂಡು ಬಂದಿದ್ದೆ. ನನ್ನ ತವರು ಗದಗ. ಓಣಿಯಲ್ಲಿದ್ದ ದವಾಖಾನೆಯ ನರ್ಸಬಾಯಿಯೊಬ್ಬರು ನನಗೆ ಟೋಪಿ, ಕಾಲುಚೀಲ, ಸ್ವೆಟರು ಹೆಣೆಯುವುದನ್ನು ಕಲಿಸಿದ್ದರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯನ್ನೂ ಪಾಸು ಮಾಡಿಕೊಂಡಿದ್ದೆ. ರೋಣಕ್ಕೆ ಬಂದ ಮೇಲೆ ಅತ್ತೆಯ ನೂಲಿನಲ್ಲೇ ಹೆಣೆಯತೊಡಗಿದೆ. ಅತ್ತೆ ಮೂಗಿನ ಮೇಲೆ ಬೆರಳಿಟ್ಟರು.

“ಮಗ್ಗ ಇಲ್ಲ, ಲಾಳಿ ಇಲ್ಲ. ಎರಡು ಕಡ್ಡಿ ಹಿಡಕೊಂಡು ಕೋಳಿ ಜಗಳ ಹಚ್ಚಿದಂಗ ಹಚ್ಚತಾಳ” ಎಂದು ಓಣಿಗೆಲ್ಲ ಹೇಳಿ ಬಂದರು. ಆದರೆ ಮರುದಿನದಿಂದ ನನ್ನ ಬುಟ್ಟಿಗೆ ಬೀಳುವ ನೂಲು ಉಳಿದ ನೂಲಿಗಿಂತ ಸಣ್ಣಗೆ, ಮೆತ್ತಗೆ ಬರತೊಡಗಿತು. ಕೇಳಿದರೆ, ಕೈ ನೋಯುತ್ತಿತ್ತು, ಅದಕ್ಕೇ ಸಣ್ಣಗಾಯಿತು ಎಂದರು. ಕೈ ನೋಯುವಾಗ ಯಾರಾದರೂ ಸಣ್ಣ ನೂಲು ತೆಗೆಯುತ್ತಾರೆಯೇ? ನೂತವರನ್ನು ಕೇಳಿ ನೋಡಿ.

ಆ ವರ್ಷದ ಬೇಸಿಗೆಯಲ್ಲಿ ಊರಿನ ಹೆಣ್ಣುಮಕ್ಕಳ ಶಾಲೆಯ ಹೆಡ್ ಅಕ್ಕೋರು ನಮ್ಮ ಮನೆಗೆ ಬಂದರು. ಶಿಕ್ಷಕಿಯನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಹೊಲಿಗೆ, ಹೆಣಿಗೆ ಕಲಿಸಲು ಒಬ್ಬರು ಬೇಕಾಗಿದ್ದಾರೆ, ನಿಮ್ಮ ಸೊಸೆಯನ್ನು ಕಳಿಸುತ್ತೀರಾ ಎಂದು ಕೇಳಿದರು. ಶಾಲೆಯ ಮೆಟ್ಟಿಲು ಮತ್ತೆ ಹತ್ತಬೇಕೆಂಬ ಆಸೆ ನನಗೆ ಎಷ್ಟಿತ್ತೆಂದರೆ, ನೀರು ತರಲು ಹೋದಾಗಲೆಲ್ಲ ಬೇಕೆಂದೇ ಆ ಶಾಲೆಯ ದಾರಿ ಹಿಡಿಯುತ್ತಿದ್ದೆ. ಮಾವ ಮಾತ್ರ ಮುಖ ಗಂಟು ಹಾಕಿಕೊಂಡರು. ನನ್ನ ಗಂಡ ಅಪ್ಪ ಹೇಳಿದ್ದಕ್ಕೂ ಹೂಂ, ಅವ್ವ ಹೇಳಿದ್ದಕ್ಕೂ ಹೂಂ ಎನ್ನುವ ಪ್ರಾಣಿ. ಅವರಿಂದ ಆಗುವಂಥದು ಏನೂ ಇರಲಿಲ್ಲ.

“ಇದೊಂದು ಕಸಬನ? ಯಾರಿಗೆ ಬೇಕು ಈ ಕಡ್ಡಿ ಕೆಲಸ?” ಎಂದರು ಮಾವ. ಕಡೆಗೆ ಅವರೇ ಒಂದು ಶರತ್ತು ಹಾಕಿದರು. “ಸಾಲಿ ಸುರು ಆಗೂದ್ರಾಗ ಇಕಿ ಹೆಣದದ್ದು ಒಂದರ ಸಂತ್ಯಾಗ ಮಾರಬೇಕು. ನಮ್ಮನ್ನ ನೋಡಿ ತಗೊಳ್ಳೋರ ಲೆಕ್ಕ ಬ್ಯಾಡ. ಗುರುತಿಲ್ಲದಾವ ಒಬ್ಬ ತಗೋಬೇಕು. ಹಂಗಾದ್ರ ಕಳಸ್ತೀನಿ, ಇಲ್ಲಂದ್ರ ಇಲ್ಲ.”

ಬಿರುಬೇಸಿಗೆಯಲ್ಲಿ ಉಣ್ಣೆಯ ಟೋಪಿ ಮಾರಬೇಕು, ಅದೂ ಗುರುತಿಲ್ಲದವನಿಗೆ! ನಾನು ಅಡಿಗೆಮನೆಗೆ ಹೋಗಿ ಕಣ್ಣೀರು ಹಾಕಿದೆ. ಹೊರಗೆ ರಾಟೆ ನಿಂತಿತು. “ಗುರುತಿಲ್ಲದಾವ ಅಂದೀರಿ. ಮಾತು ತಪ್ಪಬ್ಯಾಡ್ರಿ ಮತ್ತ” ಎಂದು ಅತ್ತೆ ಹೇಳಿದ್ದು ಕೇಳಿಸಿತು. ಮತ್ತೆ ರಾಟೆ ತಿರುಗಿತು.

ಮೊದಲು ರೋಣದ ಸಂತೆ. ಅತ್ತೆಯ ನೂಲಿನ ಪಕ್ಕದಲ್ಲಿ ನನ್ನ ಟೋಪಿಗಳನ್ನು ಇಟ್ಟುಕೊಂಡು ಕೂತೆವು. ಊರಿನವರೆಲ್ಲ ಗುರುತಿನವರೇ. ಅಪರೂಪಕ್ಕೆ ಒಬ್ಬ ಪರವೂರಿನವನು ಬಂದು ಟೋಪಿ ಕೈಗೆತ್ತಿಕೊಂಡ. ನಾನು ದೇವರನ್ನು ನೆನೆಯುವಷ್ಟರಲ್ಲಿ ಅತ್ತೆ ಬಾಯಿ ತೆರೆದರು. ಯಾವೂರು? ರಾಜೂರ. ರಾಜೂರದಲ್ಲಿ ಯಾರ ಪೈಕಿ? ತಾಯಿಯ ತವರು ಯಾವುದು? ಐದು ಮಾತಿನೊಳಗೆ ಅವನು ನಮ್ಮ ಮಾವನ ಸೋದರತ್ತೆಯ ಕಡೆಯಿಂದ ಬೀಗನಾಗಿಬಿಟ್ಟ. ಟೋಪಿ ಹೋಗಲಿ, ಮಧ್ಯಾಹ್ನ ಅವನಿಗೆ ನಮ್ಮ ಮನೆಯಲ್ಲೇ ಊಟವಾಯಿತು. ಬಡಿಸಿದವಳು ನಾನೇ.

ಎರಡನೆಯದು ನರಗುಂದ. ಅದಕ್ಕಾಗಿ ನಾನೊಂದು ದೊಡ್ಡಾಳಿನ ಸ್ವೆಟರು ಹೆಣೆದಿದ್ದೆ. ಕಂಬಳಿ ನೇಯುವವರು ಹಾಸಿನ ಎಳೆ ಕಡಿಯದಿರಲೆಂದು ಹುಣಸೆ ಬೀಜ ಅರೆದು ಕಾಸಿದ ಗಂಜಿಯನ್ನು ಎಳೆಗಳಿಗೆ ಹಚ್ಚುತ್ತಾರೆ. ಗಂಜಿ ಕಾಣದ ಉಣ್ಣೆಗೆ ಮಾನವಿಲ್ಲ ಎಂಬುದು ಅತ್ತೆಯ ನಂಬಿಕೆ. ಸೊಸೆಗೆ ಸಹಾಯವಾಗಲೆಂದು, ನನಗೆ ಹೇಳದೆ, ಸ್ವೆಟರನ್ನು ಆ ಗಂಜಿಯಲ್ಲಿ ಚೆನ್ನಾಗಿ ಅದ್ದಿ, ಕುಂಚದಿಂದ ತಿಕ್ಕಿ, ಕೈ ಅಗಲಿಸಿ ಬಿಸಿಲಿಗೆ ಒಣಹಾಕಿದರು. ಸಂಜೆ ನೋಡುತ್ತೇನೆ, ಸ್ವೆಟರು ಅಂಗಳದಲ್ಲಿ ತಾನೇ ನಿಂತಿದೆ! ತಟ್ಟಿದರೆ ತಗಡಿನ ಡಬ್ಬಿಯ ಸದ್ದು. ತೊಳೆಯಲು ಹೊತ್ತಿರಲಿಲ್ಲ. ಚಕ್ಕಡಿಯಲ್ಲಿ ಅದು ನಮ್ಮಿಬ್ಬರ ನಡುವೆ ಮೂರನೆಯವರಂತೆ ಕೂತು ಬಂತು.

ನರಗುಂದದಲ್ಲಿ ಯಾವಗಲ್ ಊರಿನ ರೈತನೊಬ್ಬ ಅದರ ಸುತ್ತ ಪ್ರದಕ್ಷಿಣೆ ಹಾಕಿದ. ಅವನ ಗುರುತು ನಮಗಿಲ್ಲ, ನಮ್ಮ ಗುರುತು ಅವನಿಗಿಲ್ಲ. “ಭಾಳ ಚಲೋ ಐತ್ರಿ. ಕೊಡ್ರಿ ನನಗ” ಎಂದ. ನಾನು ಶಾಲೆಯೊಳಗೆ ಕಾಲಿಟ್ಟೇಬಿಟ್ಟೆ ಎಂದುಕೊಂಡೆ.

“ಯಾರಿಗೆ ತೊಡಸ್ತಿ?” ಎಂದರು ಅತ್ತೆ.

“ತೊಡಸೂದಲ್ರಿ. ಮುಂದ ಜ್ವಾಳ ತೆನಿ ಹಿಡದಾಗ ಹೊಲದಾಗ ಹಕ್ಕಿ ಬೆದರಸಾಕ ನಿಂದರಸ್ತೀನಿ. ಕೋಲು ಸೈತ ಬೇಕಾಗಿಲ್ಲ ನೋಡ್ರಿ.”

ಹಕ್ಕಿಯೋ ಗುಬ್ಬಿಯೋ, ಕೊಟ್ಟುಬಿಡಿ ಎಂದು ನಾನು ಅತ್ತೆಯ ಸೆರಗು ಜಗ್ಗಿದೆ. ಅವರು ಸ್ವೆಟರನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದು ನಿಂತರು. “ನನ್ನ ಸೊಸಿ ಕೈಕೆಲಸ ಹೊಲದಾಗ ಬಿಸಲಿಗೆ ನಿಂದರಾಂಗಿಲ್ಲ. ಹೋಗಪಾ” ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಊರು ಮುಟ್ಟುವವರೆಗೆ ನಾನು ಅವರ ಕೂಡ ಮಾತಾಡಲಿಲ್ಲ. ಅತ್ತೆ ಸ್ವೆಟರಿನ ಕೂಡ ಮಾತಾಡುತ್ತ ಬಂದರು.

ಉಳಿದದ್ದು ಗಜೇಂದ್ರಗಡವೊಂದೇ. ಶಾಲೆ ಶುರುವಾಗುವುದರೊಳಗೆ ಅದೇ ಕಡೆಯ ಸಂತೆ. ನೂಲಿನ ವ್ಯಾಪಾರ ಅಲ್ಲಿ ಜೋರು. ಸಾಲಾಗಿ ನೂಲಿನವರು, ಉಣ್ಣೆಯವರು, ಕಂಬಳಿಯವರು. ಮಾವ ತಾವೇ ನಮ್ಮೊಂದಿಗೆ ಬಂದು, ಎದುರಿನ ಬೇವಿನ ನೆರಳಲ್ಲಿ ನೇಕಾರ ಗೆಳೆಯರ ನಡುವೆ ಕೂತು ನಮ್ಮ ಮೇಲೆ ಕಣ್ಣಿಟ್ಟರು. ಬಿಸಿಲಿಗೆ ನೆಲ ಕಾದ ಹಂಚಾಗಿತ್ತು. ಟೋಪಿ ನೋಡಿದವರೆಲ್ಲ ಹಣೆಯ ಬೆವರು ಒರೆಸಿಕೊಂಡು ನಕ್ಕು ಮುಂದೆ ಹೋದರು. ಅತ್ತೆಗೆ ಆ ದಿನ ಇನ್ನೊಬ್ಬರ ನೂಲು ಮೂಸುವ ಚಪಲವೂ ಬರಲಿಲ್ಲ. ನನ್ನ ಪಕ್ಕದಿಂದ ಏಳಲೇ ಇಲ್ಲ.

ಹೊತ್ತು ಇಳಿಯುವಾಗ ಮೋಟರ್ ಏಜೆಂಟನಂಥ ಒಬ್ಬ ಬಂದ. ಬಾಯಿತುಂಬ ಎಲೆ ಅಡಿಕೆ, ಕೈತುಂಬ ಎಣ್ಣೆ ಜಿಡ್ಡು. ಟೋಪಿಗಳನ್ನು ಒಂದೊಂದಾಗಿ ಎತ್ತಿ ನೋಡಿ, ಬದನೆಕಾಯಿ ಆರಿಸುವವನಂತೆ ಒಗೆಯತೊಡಗಿದ.

“ಏ ಮುದುಕಿ, ಈ ಸಣ್ಣ ಟೋಪಿ ಕೊಡು. ಲಗೂ ಕೊಡು, ಬೆಳಗಾವಿ ಮೋಟರ್ ಹೊಂಟೈತಿ” ಎಂದ.

ಮುದುಕಿ! ನಮ್ಮತ್ತೆಯನ್ನು ಹಾಗೆ ಕರೆದು ಹಲ್ಲು ಉಳಿಸಿಕೊಂಡವರು ಮೂರು ಸಂತೆಗಳಲ್ಲೂ ಇರಲಿಲ್ಲ. ಅವರ ಬಾಯಿ ತೆರೆದುಕೊಂಡಿತು. ಮುಗಿಯಿತು ಎಂದು ನಾನು ತಲೆ ತಗ್ಗಿಸಿದೆ. ಎಷ್ಟು ಹೊತ್ತಾದರೂ ಮಾತೇ ಬರಲಿಲ್ಲ. ತಲೆಯೆತ್ತಿ ನೋಡಿದರೆ ಅತ್ತೆ ಸೆರಗನ್ನು ಉಂಡೆ ಮಾಡಿ ಬಾಯಿಗೆ ಒತ್ತಿ ಹಿಡಿದಿದ್ದರು. ಕಣ್ಣಲ್ಲಿ ನೀರು ತುಂಬಿತ್ತು. ಇನ್ನೊಂದು ಕೈಯಿಂದ ಟೋಪಿಯನ್ನು ಕೊಡವಿ, ಮಡಚಿ, ಅವನ ಕೈಗೆ ಕೊಟ್ಟು ದುಡ್ಡು ತೆಗೆದುಕೊಂಡರು. ಯಾವೂರು ಎಂದು ಕೇಳಲಿಲ್ಲ. ಯಾರ ಪೈಕಿ ಎಂದು ಕೇಳಲಿಲ್ಲ.

ಮಾವ ಎದ್ದು ಬಂದು ಅವನನ್ನು ತಡೆದರು. “ಯಾಕಪಾ, ಈ ಹೆಣ್ಣುಮಗಳ ಗುರುತೈತೇನು ನಿನಗ?”

“ಈ ಮುದುಕಿ ಗುರುತು ನನಗ್ಯಾಕ ಬೇಕೋ ಮಾರಾಯ?” ಎನ್ನುತ್ತ ಅವನು ಮೋಟರಿಗೆ ಓಡಿದ.

ಮಾವ ಮೀಸೆಯ ಮೇಲೆ ಕೈಯಾಡಿಸಿದರು. “ಖರೇ ಗುರುತಿಲ್ಲದಾವ” ಎಂದರು. ಕೊಟ್ಟ ಮಾತಿಗೆ ತಪ್ಪುವ ಮನುಷ್ಯ ಅವರಲ್ಲ. ಆ ಉಪಕಾರವನ್ನೂ ನಾನು ಮರೆತಿಲ್ಲ.

ಚಕ್ಕಡಿಯಲ್ಲಿ ಅತ್ತೆಯ ಸಂಕಟ ನೋಡಬೇಕಿತ್ತು. “ಕೂಸು ಗಂಡೋ ಹೆಣ್ಣೋ ಯಾರಿಗೆ ಗೊತ್ತು. ಟೋಪಿ ಕಿವಿಗೆ ಬರತೈತೋ ಇಲ್ಲೋ. ಬೆಳಗಾವ್ಯಾಗ ಮಳಿ ಭಾಳಂತ. ಹೆಸರರ ಕೇಳಬೇಕಿತ್ತು” ಎಂದು ದಾರಿಯುದ್ದಕ್ಕೂ ಗೊಣಗಿದರು.

“ಮತ್ತ ಯಾಕ ಕೇಳ್ಲಿಲ್ರಿ ಅತ್ಯಾರ?” ಎಂದೆ. ಗೊತ್ತಿದ್ದೇ ಕೇಳಿದೆ.

“ಕೇಳಿದ್ರ ಆ ಮಂಗ್ಯಾ ಸೈತ ಬೀಗ ಆಗಿಬಿಡತಿದ್ದ” ಎಂದು ಮುಖ ತಿರುಗಿಸಿಕೊಂಡರು.

ಮಾವನ ಮನಸ್ಸು ಮೆತ್ತಗಾಗಿ ಅವರು ನನ್ನನ್ನು ಕಳಿಸಿದರು ಎಂದು ಊರಿನವರು ಹೇಳುತ್ತಾರೆ. ಹೇಳಲಿ. ನನಗೆ ದಾರಿ ಬಿಟ್ಟುಕೊಟ್ಟದ್ದು ಆ ಹೊತ್ತಿನ ಅತ್ತೆಯ ಮೌನ. ಜೀವಮಾನದಲ್ಲಿ ಒಮ್ಮೆಯೂ ಬಾಯಿ ಮುಚ್ಚದವರು ನನಗಾಗಿ ಮುಚ್ಚಿದರು. ಹೆತ್ತ ತಾಯಿಯ ಋಣವನ್ನೇ ತೀರಿಸಲಾಗದು ಎನ್ನುತ್ತಾರೆ. ಹೆರದೆ ಇಷ್ಟು ಮಾಡಿದವರ ಋಣವನ್ನು ನಾನು ಯಾವ ಜನ್ಮದಲ್ಲಿ ತೀರಿಸಲಿ?

ಶಾಲೆ ಶುರುವಾಯಿತು. ಚಾಪೆಯ ಮೇಲೆ ಹುಡುಗಿಯರು ಕಡ್ಡಿ ಹಿಡಿದು ಸಾಲಾಗಿ ಕೂತಿದ್ದರು. ನಾನು ಮೊದಲ ಗಂಟು ಹಾಕಿ ತೋರಿಸುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಅತ್ತೆ! ಬುತ್ತಿ ಮರೆತು ಬಂದೆನೇನೋ ಎಂದುಕೊಂಡೆ. ಅವರು ಚಪ್ಪಲಿ ಹೊರಗೆ ಬಿಟ್ಟು, ತಲೆಯ ಮೇಲೆ ಸೆರಗು ಹೊದ್ದು ಒಳಗೆ ಬಂದು, ಹುಡುಗಿಯರ ಸಾಲಿನ ಕೊನೆಯಲ್ಲಿ ಕಾಲು ಮಡಚಿ ಕೂತರು. ಹುಟ್ಟಿದಾಗಿನಿಂದ ಶಾಲೆಯ ಹೊಸ್ತಿಲು ತುಳಿಯದವರು ಅವರು. ಸೊಸೆಯನ್ನು ಒಮ್ಮೆಯೂ ಬಹುವಚನದಲ್ಲಿ ಕರೆದವರಲ್ಲ.

“ಅಕ್ಕೋರ, ನನಗೂ ಒಂದು ಜೋಡಿ ಕಡ್ಡಿ ಕೊಡ್ರಿ” ಎಂದರು.

ಹುಡುಗಿಯರು ಕಿಸಕ್ಕನೆ ನಕ್ಕರು. ನಾನು ನಗಲಿಲ್ಲ. ಕಡ್ಡಿ ಕೊಟ್ಟು, ಅಲ್ಲಿಯೇ ಬಗ್ಗಿ ಅವರ ಪಾದಕ್ಕೆ ಕೈ ಚಾಚಿದೆ. ಅತ್ತೆ ಲಗುಬಗೆಯಿಂದ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು.

“ಅಕ್ಕೋರು ಸಾಲಿ ಹುಡುಗ್ಯಾರ ಕಾಲಿಗೆ ಬೀಳತಾರೇನ್ರಿ? ಕಲಸ್ರಿ.”