ನಳಿನಾಕ್ಷಿಯ ಧನ್ಯವಾದ ಸಮರ್ಪಣೆ

ಸಾವಿರದ ಒಂಬೈನೂರ ಎಂಬತ್ತಮೂರನೇ ಇಸವಿಯಲ್ಲಿ ಉಡುಪಿಯ ಬನ್ನಂಜೆಯಲ್ಲಿ 'ಸಂಕೀರ್ಣ ಸಮಸ್ಯೆಯುಳ್ಳ ಹದಿಹರೆಯದವರ ಮಾನಸಿಕ ಆರೋಗ್ಯ ಸಮನ್ವಯ ಸಮಿತಿ' ಅಸ್ತಿತ್ವಕ್ಕೆ ಬಂತು. ಡಾಕ್ಟರು ಒಂದು ಹೇಳುವುದು, ಶಾಲೆಯವರು ಇನ್ನೊಂದು ಹೇಳುವುದು, ಮನೆಯವರು ಯಾರದ್ದನ್ನೂ ಕೇಳದೆ ಮಂತ್ರಿಸಿದ ನೂಲು ಕಟ್ಟಿಸುವುದು, ಹೀಗಾಗಬಾರದು. ಎಲ್ಲರೂ ಒಂದೇ ಕಡೆ ಕೂತು ಮಗುವಿನ ಮಾತು ಕೇಳಬೇಕು ಎಂಬುದು ಸಮಿತಿಯ ಉದ್ದೇಶ. ಉದ್ದೇಶದಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಆದರೆ ನಾಲ್ಕು ಜನ ಒಂದು ಕಡೆ ಕೂತರೆ ನಮ್ಮಲ್ಲಿ ಅದಕ್ಕೆ ಸಭೆ ಎನ್ನುತ್ತಾರೆ. ಸಭೆ ಎಂದ ಮೇಲೆ ಪ್ರಾರ್ಥನೆ, ಸ್ವಾಗತ, ದೀಪ, ಪ್ರಸ್ತಾವನೆ, ಸನ್ಮಾನ, ಧನ್ಯವಾದ ಇರಲೇಬೇಕು. ಇವುಗಳ ನಡುವೆ ಮಗುವಿನ ಮಾತಿಗೂ ಐದು ನಿಮಿಷ ಇಡಲಾಗಿತ್ತು.

ಮೊದಲ ಫಲಾನುಭವಿ ಇನ್ನಂಜೆಯ ನಳಿನಾಕ್ಷಿ, ಹದಿನೈದರ ಹುಡುಗಿ. ಹಿಂದಿನ ಮಳೆಗಾಲದಲ್ಲಿ ತಾಯಿ ಕಾಮಾಲೆಯಿಂದ ತೀರಿಕೊಂಡಳು. ತಂದೆ ಮಸ್ಕತ್ತಿನಲ್ಲಿ. ಬಂಧುಗಳು ಕೂತು ನ್ಯಾಯವಾಗಿ ಪಾಲು ಮಾಡಿಕೊಂಡರು: ಅವಳು ಇನ್ನಂಜೆಯ ಸೋದರಮಾವನಿಗೆ, ತಮ್ಮ ವಿಠಲ ಕಾರ್ಕಳದ ಅತ್ತೆಗೆ. ಆಮೇಲೆ ನಳಿನಾಕ್ಷಿ ಊಟ ಬಿಟ್ಟಳು, ಮಾತು ಬಿಟ್ಟಳು, ಲೆಕ್ಕದ ಪರೀಕ್ಷೆಯಲ್ಲಿ ಸೊನ್ನೆ ತಂದಳು, ಯಾರಿಗೂ ಹೇಳದೆ ಎರಡು ಸಲ ಕಾರ್ಕಳದ ಬಸ್ಸು ಹತ್ತಿದಳು. ನಾಲ್ಕೂ ಬೇರೆ ಬೇರೆ ಸಮಸ್ಯೆಗಳೆಂದು ತೀರ್ಮಾನವಾದ್ದರಿಂದ ಅವಳು ಸಂಕೀರ್ಣಳೆಂದು ದೃಢಪಟ್ಟಿತು. ಅವಳಿಗೆ ಹೇಳಲಿಕ್ಕಿದ್ದದ್ದು ಒಂದೇ ಮಾತು: ನಾನೂ ತಮ್ಮನೂ ಒಂದೇ ಮನೆಯಲ್ಲಿರಬೇಕು, ಯಾರ ಮನೆಯಾದರೂ ಅಡ್ಡಿಯಿಲ್ಲ. ಐದು ನಿಮಿಷ ಅದಕ್ಕೆ ಧಾರಾಳ ಸಾಕಿತ್ತು.

ಮೊದಲ ಸಭೆಗೆ ಕಡಿಯಾಳಿಯಿಂದ ಮೈಕು ಬಂತು, ಮಣಿಪಾಲದಿಂದ ಮನಸ್ಸಿನ ಡಾಕ್ಟರು ಇಮ್ಯಾನುಯೆಲ್ ಬಂದರು. ಇಮ್ಯಾನುಯೆಲ್ ನಿಜಕ್ಕೂ ಒಳ್ಳೆಯ ಮನುಷ್ಯ. ವೇದಿಕೆ ಹತ್ತಿದವರೇ ಅವಳ ಕಡೆ ಬಾಗಿ, "ಎಂತ ಆಯ್ತು ಮಗಾ?" ಎಂದು ಕೇಳಿದರು. ನಳಿನಾಕ್ಷಿ ಬಾಯಿ ತೆರೆಯುವಷ್ಟರಲ್ಲಿ ಅವರ ಕೊರಳಿಗೆ ಹಾರ ಬಿತ್ತು. ಬಳಿಕ ಶಾಲು, ಬಳಿಕ ಹಣ್ಣಿನ ತಟ್ಟೆ. ಎರಡೂ ಕೈ ತುಂಬಿದ ಡಾಕ್ಟರು 'ಮಕ್ಕಳ ಮಾತನ್ನು ಆಲಿಸುವ ಬಗೆ' ಎಂಬ ವಿಷಯದ ಮೇಲೆ ಸುದೀರ್ಘವಾಗಿ ಮಾತಾಡಬೇಕಾಯಿತು. ಅನಂತರ ಕಾರ್ಯದರ್ಶಿ ಹಯಗ್ರೀವ ರಾಯರು ಮೈಕಿನ ಮುಂದೆ ನಿಂತರು.

"ಸಮಯದ ಅಭಾವದಿಂದ ಕುಮಾರಿ ನಳಿನಾಕ್ಷಿಯವರ ಸಂಕಟವನ್ನು ಮುಂದಿನ ತಿಂಗಳಿಗೆ ಮುಂದೂಡಲಾಗಿದೆ. ಗೋಳಿಬಜೆ ಬಿಸಿ ಉಂಟು. ಯಾರೂ ಹಾಗೇ ಹೋಗಬಾರದಾಗಿ ವಿನಂತಿ."

ಮುಂದಿನ ತಿಂಗಳೂ ಸಮಯದ ಅಭಾವವಿತ್ತು. ಅದರ ಮುಂದಿನ ತಿಂಗಳು ಪ್ರಾರ್ಥನೆ ಹಾಡುವ ಟೀಚರಿಗೆ ಗಂಟಲು ಕಟ್ಟಿತ್ತು. ರಾಯರು ಕಂಗಾಲಾಗಿ ಸುತ್ತ ನೋಡಿದರು. ವೇದಿಕೆಯ ಮೂಲೆಯಲ್ಲಿ ಫಲಾನುಭವಿ ಸುಮ್ಮನೆ ಕೂತಿದ್ದಳು.

"ನಿನಗೆ ಹಾಡ್ಲಿಕ್ಕೆ ಬರ್ತದಾ?"

ಬರುತ್ತಿತ್ತು, ಅಮ್ಮ ಕಲಿಸಿದ್ದಳು. ಎಲ್ಲರೂ ಎದ್ದು ನಿಂತರು, ನಳಿನಾಕ್ಷಿ ಹಾಡಿದಳು. ಹಾಡಿನ ಬಾಲಕ್ಕೆ ತನ್ನ ಮಾತನ್ನೂ ಸೇರಿಸಿ ಹೇಳಿಯೇ ಬಿಟ್ಟಳು. ಆದರೆ ಹಾಡು ಮುಗಿಯಿತೆಂದು ಇಡೀ ಸಭೆ ಕುರ್ಚಿ ಎಳೆದುಕೊಂಡು ಕೂತ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಮಾತು ಬಿಟ್ಟ ಹುಡುಗಿ ಬಾಯಿ ತೆರೆದದ್ದು ಸಮನ್ವಯದ ಫಲವೇ ಸರಿ ಎಂದು ಅಂದೇ ಚಪ್ಪಾಳೆಯೊಂದಿಗೆ ನಿರ್ಣಯವಾಯಿತು. ಚಿಕಿತ್ಸೆ ಮುಂದುವರಿಯಲೆಂದು ಅವಳಿಗೆ ಧನ್ಯವಾದ ಸಮರ್ಪಣೆಯನ್ನೂ ವಹಿಸಿಕೊಟ್ಟರು.

ಆ ದಿನ ಗೋಳಿಬಜೆ ತಿನ್ನುವಾಗ ಅಧ್ಯಕ್ಷ ಧರ್ಮಪಾಲ ಬಲ್ಲಾಳರು ಬೇಸರ ತೋಡಿಕೊಂಡರು. ಅವರು ಕಾರ್ಕಳದವರು.

"ಎಂತ ರಾಯರೇ, ನಮ್ಮ ತಾಲೂಕಿಗೆ ಒಂದು ಮಗುವೂ ಇಲ್ವಲ್ಲ! ಕಾರ್ಕಳದಲ್ಲಿ ದುಃಖ ಇಲ್ವಾ?"

ತಟ್ಟೆ ಹಿಡಿದು ನಿಂತಿದ್ದ ನಳಿನಾಕ್ಷಿ ಒಂದು ಹೆಜ್ಜೆ ಮುಂದೆ ಬಂದಳು. "ಕಾರ್ಕಳದಲ್ಲಿ ಒಬ್ಬ ಇದ್ದಾನೆ ಸರ್. ಹದಿಮೂರು ವರ್ಷ. ಅವನೂ ಊಟ ಮಾಡುವುದಿಲ್ಲ. ನನ್ನ ತಮ್ಮ."

ರಾಯರು ಸ್ವಲ್ಪ ಯೋಚಿಸಿದರು. "ತಮ್ಮ ಆದ್ರೂ ತೊಂದರೆ ಇಲ್ಲ. ತಾಲೂಕು ಬೇರೆ ಅಲ್ವಾ?"

"ನಮ್ಮಿಬ್ಬರನ್ನು ಒಂದೇ ಮನೆಯಲ್ಲಿ ಇಟ್ಟರೆ ಆಯ್ತು ಸರ್. ಊಟ ಮಾಡ್ತೇವೆ."

ಅಂತೂ ಮಾತು ಹೊರಬಿತ್ತು, ಮೂವರು ದೊಡ್ಡವರು ಅದನ್ನು ಕೇಳಿಯೂ ಕೇಳಿದರು. ಪಕ್ಕದಲ್ಲೇ ಇದ್ದ ಡಾಕ್ಟರು, "ಅವಳು ಹೇಳುವುದು ಸರಿ ಉಂಟು ಬಲ್ಲಾಳರೇ. ಬೇರೆ ಮದ್ದೇ ಬೇಡ" ಎಂದರು.

ಬಲ್ಲಾಳರು ನೊಂದುಕೊಂಡರು. "ಒಂದೇ ಮನೆಯಲ್ಲಿ ಇದ್ರೆ ಕಾರ್ಕಳದ ಮಗು ಪುನಃ ಉಡುಪಿಗೆ ಹೋಯ್ತಲ್ಲ?"

"ಅದಲ್ಲದೆ," ಎಂದರು ರಾಯರು, "ಒಟ್ಟಿಗೇ ಇದ್ದವರನ್ನು ಸಮನ್ವಯ ಮಾಡುವುದು ಹೇಗೆ ಮಾರಾಯ್ತಿ? ಸಮನ್ವಯ ಆಗಬೇಕಾದ್ರೆ ಬೇರೆ ಬೇರೆ ಇರ್ಬೇಕು."

ಹೀಗೆ ಏಳನೇ ನಿಯಮ ಹುಟ್ಟಿತು: 'ಸಮನ್ವಯಕ್ಕೆ ಒಳಪಡುವ ಫಲಾನುಭವಿಗಳು ಪರಸ್ಪರ ದೂರವಿರತಕ್ಕದ್ದು.' ಡಾಕ್ಟರ ಭಿನ್ನಾಭಿಪ್ರಾಯವನ್ನು ಸಮಿತಿ ಗೌರವಿಸಿತು, ಅಂದರೆ ಅವರಿಗೆ ಇನ್ನೊಂದು ಶಾಲು ಹೊದಿಸಿತು.

ಮುಂದಿನ ತಿಂಗಳು ವಿಠಲ ಅತ್ತೆಯ ಕೈ ಹಿಡಿದು ಬಂದ. ವೇದಿಕೆಯ ಮೂಲೆಯಲ್ಲಿ ಎರಡು ಕುರ್ಚಿ. ಪ್ರಾರ್ಥನೆಯಿಂದ ಸನ್ಮಾನದವರೆಗೆ ಅಕ್ಕ ತಮ್ಮ ಪಿಸುಗುಟ್ಟಿದರು, ಒಂದೇ ತಟ್ಟೆಯಿಂದ ಗೋಳಿಬಜೆ ತಿಂದರು. ಊಟ ಬಿಟ್ಟವರು ತಿನ್ನುತ್ತಿದ್ದಾರೆಂದು ಫೋಟೋ ತೆಗೆಯಲಾಯಿತು. ಧನ್ಯವಾದ ಮುಗಿದ ಕೂಡಲೇ ಅತ್ತೆ ಅವನನ್ನು ಎಬ್ಬಿಸಿ ಕಾರ್ಕಳದ ಬಸ್ಸಿಗೆ ಕರೆದೊಯ್ದಳು. ನಳಿನಾಕ್ಷಿ ಮೆಟ್ಟಿಲ ಮೇಲೆ ನಿಂತು ಅತ್ತಳು. ಅದು ಆನಂದಬಾಷ್ಪವೆಂದು ವರದಿಯಲ್ಲಿ ಬಂತು.

ಅಂದೇ ಅವಳಿಗೆ ಸಭೆಯ ಗುಟ್ಟು ಹೊಳೆಯಿತು. ಧನ್ಯವಾದ ಮುಗಿಯದೆ ಸಭೆ ಮುಗಿಯುವುದಿಲ್ಲ. ಸಭೆ ಮುಗಿಯದೆ ವಿಠಲ ಏಳುವಂತಿಲ್ಲ.

ಆಮೇಲಿನ ತಿಂಗಳು ಅವಳು ತನ್ನ ಕುರ್ಚಿಯಲ್ಲೇ ಕೂತು, ತಮ್ಮನ ಕೈ ಹಿಡಿದುಕೊಂಡು ಧನ್ಯವಾದ ಹೇಳಲು ಶುರುಮಾಡಿದಳು. ಅಧ್ಯಕ್ಷರಿಗೆ, ಅವರ ಶ್ರೀಮತಿಗೆ, ಮೈಕಿನವರಿಗೆ, ಮೈಕಿಗೆ ಕರೆಂಟು ಕೊಟ್ಟವರಿಗೆ, ಹಾರ ಕಟ್ಟಿದವರಿಗೆ, ಗೋಳಿಬಜೆಯ ಎಣ್ಣೆಗೆ ತೆಂಗಿನಕಾಯಿ ಕಿತ್ತವರಿಗೆ. ಹೆಸರು ಬಿಟ್ಟುಹೋದೀತೆಂಬ ಹೆದರಿಕೆಯಿಂದ ಒಬ್ಬರೂ ಎದ್ದು ಹೋಗಲಿಲ್ಲ. "ಎಂಥ ಕೃತಜ್ಞತೆ!" ಎಂದು ಬಲ್ಲಾಳರು ಕಣ್ಣೊರೆಸಿಕೊಂಡರು. ಡಾಕ್ಟರು ಮಾತ್ರ ಒಂದು ಚೀಟಿಯಲ್ಲಿ ಇನ್ನಷ್ಟು ಹೆಸರು ಬರೆದು ಮೆಲ್ಲಗೆ ಅವಳ ಕಡೆ ದಾಟಿಸಿದರು.

ಕೆಳಗೆ ಕಾರ್ಕಳದ ಬಸ್ಸು ಹಾರ್ನ್ ಹೊಡೆಯಿತು. ಕಾರ್ಕಳಕ್ಕೆ ಹೋಗುವವರನ್ನು ಕಾದು ಸಾಕಾದ ಕಂಡಕ್ಟರ್ ಕರುಣಾಕರ ರೇಗುತ್ತಾ ಮೆಟ್ಟಿಲು ಹತ್ತಿ ಬಂದ. ಅಷ್ಟರಲ್ಲಿ ನಳಿನಾಕ್ಷಿ ಬಸ್ಸಿನ ಮಾಲಕರನ್ನು ಮುಗಿಸಿ ಡ್ರೈವರನ್ನು ನೆನೆಯುತ್ತಿದ್ದಳು. ಮುಂದಿನದ್ದು ತನ್ನ ಹೆಸರೇ ಇರಬೇಕೆಂದು ಅವನಿಗನ್ನಿಸಿತು. ಅವನು ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಎಳೆದುಕೊಂಡು ಕೂತ.