ಲ್ಯಾಪ್‌ಟಾಪ್ ಕಟ್ಟಿಕೊಂಡು ಜೇವರ್ಗಿಗೆ

ದಾರಿ ಕೇಳುವುದೆಂದರೆ ನನಗೆ ಮೊದಲಿನಿಂದಲೂ ನಾಚಿಕೆ. ಆಳಂದದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಭೂಗೋಳ ಕಲಿಸುವವನು ನಾನು. ನಡುರಸ್ತೆಯಲ್ಲಿ ಬೈಕು ನಿಲ್ಲಿಸಿ ಯಾರನ್ನಾದರೂ ಕೇಳಿದರೆ, ಅವನು ನನ್ನ ಹಳೆಯ ವಿದ್ಯಾರ್ಥಿಯೇ ಆಗಿರುತ್ತಾನೆ. ಒಮ್ಮೆ ಹಾಗೇ ಆಗಿ, ಆ ಪುಣ್ಯಾತ್ಮ ಬರೀ ದಾರಿ ಹೇಳಿ ಬಿಡದೆ, ಸೂರ್ಯನನ್ನು ನೋಡಿ ದಿಕ್ಕು ಗುರುತಿಸುವುದು ಹೇಗೆಂದು ನನಗೇ ಪಾಠ ಮಾಡಿ ಕಳಿಸಿದ. ಅಂದಿನಿಂದ ಭಾನುವಾರದ ಬೈಕ್ ತಿರುಗಾಟಕ್ಕೆ ಲ್ಯಾಪ್‌ಟಾಪ್ ಒಯ್ಯತೊಡಗಿದೆ. ಮೊಬೈಲಿನ ನಕಾಶೆ ಚಿಕ್ಕದು, ನನ್ನ ಕನ್ನಡಕದ ನಂಬರು ದೊಡ್ಡದು. ಮುಂಚಿನ ದಿನವೇ ಒಳದಾರಿಗಳನ್ನೆಲ್ಲ ಗುರುತು ಹಾಕಿಟ್ಟುಕೊಂಡು, ರಸ್ತೆ ಕವಲೊಡೆದಲ್ಲಿ ತೆರೆದು ನೋಡಿ ಹೊರಡುವುದು. ತೊಡಕೆಂದರೆ, ಲ್ಯಾಪ್‌ಟಾಪ್ ನನ್ನದಲ್ಲ, ಹೆಂಡತಿ ಮಹಾದೇವಿಯದು. ಅವಳೂ ಟೀಚರು. ಸೋಮವಾರದ ಪರೀಕ್ಷೆಗೆಂದು ವಾರವಿಡೀ ಕೂತು ಟೈಪ್ ಮಾಡಿದ ಪ್ರಶ್ನೆಪತ್ರಿಕೆಗಳು ಅದರಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. "ಇದಕ್ಕೇನರ ಆತಂದ್ರ ನೀವು ತಿರುಗಿ ಮನಿಗಿ ಬರೂದು ಬ್ಯಾಡ್ರಿ," ಎಂದು ಹೇಳಿಯೇ ಕೊಟ್ಟಿದ್ದಳು.

ಜೇವರ್ಗಿಯಲ್ಲಿ ಅವಳ ತಮ್ಮ ಮಲ್ಲು ನೌಕರಿಗಿದ್ದಾನೆ. ಬಾಡಿಗೆ ಖೋಲಿಯಲ್ಲಿ ಒಬ್ಬನೇ ವಾಸ, ಅಡುಗೆ ಬಾರದು. ನಮ್ಮ ಕಡೆ ಇಂಥವರನ್ನು ಸಾಕುವುದು ಬಸ್ಸು. ವಾರಕ್ಕೊಮ್ಮೆ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಬಟ್ಟೆಯಲ್ಲಿ ಕಟ್ಟಿ ಕಂಡಕ್ಟರನ ಕೈಗೆ ಕೊಟ್ಟರೆ, ಆ ಊರ ಸ್ಟ್ಯಾಂಡಿನಲ್ಲಿ ಕಾದವನ ಕೈ ಸೇರುತ್ತದೆ. ರಶೀದಿ ಇಲ್ಲ, ತಪ್ಪಿದ್ದೂ ಇಲ್ಲ. "ಹೆಂಗೂ ಜೇವರ್ಗಿಗೇ ಹೊಂಟೀರಿ, ಈ ಸಲ ಬುತ್ತಿ ನೀವೇ ಒಯ್ರಿ," ಎಂದಳು. "ಲ್ಯಾಪ್‌ಟಾಪಿನ ಬಾಜೂಕ ರೊಟ್ಟಿ ಇಡಾಕ ಬರಂಗಿಲ್ಲ. ಚೂರು ಒಳಗ ಹೋಗ್ತಾವ," ಎಂದೆ ತಜ್ಞನ ಹಾಗೆ. ಆಳಂದದ ಸ್ಟ್ಯಾಂಡಿನಲ್ಲಿ ಕಂಡಕ್ಟರಿಗೆ ಮುಟ್ಟಿಸಿ ಹೋಗುವುದಕ್ಕಷ್ಟೇ ಒಪ್ಪಿದೆ. ಧೂಳಿಗೆ ಹೆದರಿ ಲ್ಯಾಪ್‌ಟಾಪನ್ನು ನನ್ನ ಹಳೆ ಧೋತರದ ತುಂಡಿನಲ್ಲಿ ಸುತ್ತಿ ಗಂಟು ಹಾಕಿದ್ದೆ. ಅದೇ ಧೋತರದ ಇನ್ನೊಂದು ತುಂಡಿನಲ್ಲಿ ಅವಳು ಹಿಂಡಿಯ ಚಪ್ಪಟೆ ಡಬ್ಬಿ ಇಟ್ಟು ರೊಟ್ಟಿಗಳನ್ನು ಮಡಿಚಿ ಕಟ್ಟಿದ್ದಳು. ಮುಂದಿನದು ಓದುಗರಿಗೆ ಈಗಾಗಲೇ ಹೊಳೆದಿರಬೇಕು. ನನಗೆ ಹೊಳೆಯಲು ಅಫಜಲಪುರ ದಾಟಬೇಕಾಯಿತು.

ಇನ್ನೊಂದು ಬೈಕಿನಲ್ಲಿ ಗೆಳೆಯ ಶರಣಪ್ಪ ಇದ್ದ, ಕಿರಾಣಿ ಅಂಗಡಿಯವನು. ರಸ್ತೆಯಲ್ಲಿ ಹಂಪು ಕಂಡಲ್ಲೆಲ್ಲ ನಾನು ಬಸುರಿಯನ್ನು ಹಿಂದೆ ಕೂರಿಸಿಕೊಂಡವನಂತೆ ಬೈಕು ನಡೆಸುವುದನ್ನು ನೋಡಿ ಅವನಿಗೆ ರೋಸಿಹೋಗಿತ್ತು. ರಸ್ತೆ ಎರಡಾದಲ್ಲಿ ಒಂದು ಚಹಾದಂಗಡಿ. ಕಟ್ಟೆಯ ಮೇಲೆ ಕೂತು ಗಂಟು ತೆಗೆದಿಟ್ಟುಕೊಂಡೆ. ಏಳೆಂಟು ಜನ ಸುತ್ತ ನೆರೆದರು. "ಯಾರಿಗೂ ಕೇಳೂದು ಬ್ಯಾಡ, ಕಂಪ್ಯೂಟರ ದಾರಿ ತೋರಸ್ತದ, ಈಗ ನೋಡ್ರಿ," ಎಂದು ಬಿಚ್ಚಿದೆ. ರೊಟ್ಟಿ! ಬಟ್ಟೆಯನ್ನು ಮತ್ತೆ ಮುಚ್ಚಿ, ಮತ್ತೆ ಬಿಚ್ಚಿದೆ. ಆಗಲೂ ರೊಟ್ಟಿಯೇ. "ಸರ, ಕಂಪ್ಯೂಟರ ಭಾಳ ಚಲೋ ಬೆಂದದ ನೋಡ್ರಿ," ಎಂದ ಚಹಾದಂಗಡಿಯವ.

ಬಸ್ಸಿನಲ್ಲಿ ಬುತ್ತಿ ಇಡುವುದೆಲ್ಲಿ ಎಂಬುದು ಆಗ ನೆನಪಾಯಿತು. ಡ್ರೈವರನ ಬಾಜೂ, ಎಂಜಿನ್ನಿನ ಬಾನೆಟ್ ಮೇಲೆ. ರೊಟ್ಟಿ ಬೆಚ್ಚಗಿರಲೆಂದು. ಜಾಗ ಇಲ್ಲದಿದ್ದರೆ ಅದರ ಮೇಲೆ ಯಾರಾದರೂ ಕೂರುವುದೂ ಉಂಟು. ಮಲ್ಲೂಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಮಹಾದೇವಿಗೆ ಹಚ್ಚುವ ಧೈರ್ಯ ನನಗಿರಲಿಲ್ಲ. ನಾನು ಹೀಗೆ ಫೋನ್ ಹಿಡಿದು ಕೂತಿದ್ದಾಗ ಶರಣಪ್ಪ ಬುತ್ತಿಯೊಳಗಿನ ಹಿಂಡಿಯ ಡಬ್ಬಿ ಬಿಚ್ಚಿದ. ತಾನೊಬ್ಬನೇ ತಿನ್ನುವುದು ಸರಿಯಲ್ಲವೆಂದು ನೆರೆದವರಿಗೂ ಕೊಟ್ಟ. ಗಾಬರಿಯಲ್ಲಿ ನಾನೂ ಮೂರು ತಿಂದೆ. ಕಡೆಗೆ ಧೋತರದ ತುಂಡಷ್ಟೇ ಉಳಿಯಿತು.

ಅಲ್ಲಿಂದ ಮುಂದೆ ಕಂಡಕಂಡವರನ್ನೆಲ್ಲ ದಾರಿ ಕೇಳಿದೆ. ಕುರಿ ಕಾಯುವವರನ್ನು, ಟ್ರ್ಯಾಕ್ಟರಿನವರನ್ನು, ಕೊಳಕೂರಿನಲ್ಲಿ ಬಾವಿಗೆ ಹೊರಟ ಮುದುಕಿಯನ್ನೂ. ಯಾರೂ ನಗಲಿಲ್ಲ, ಯಾರೂ ತಪ್ಪು ಹೇಳಲಿಲ್ಲ.

ಜೇವರ್ಗಿ ಸ್ಟ್ಯಾಂಡಿನಲ್ಲಿ ಮಲ್ಲು ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡೇ ನಿಂತಿದ್ದ. ಕಸಿದುಕೊಂಡು ಬಿಚ್ಚಿ ಚಾಲೂ ಮಾಡಿದೆ. ಪ್ರಶ್ನೆಪತ್ರಿಕೆಗಳು ಎಲ್ಲವೂ ಇದ್ದವು.

"ಕಂಡಕ್ಟರ್ ತೊಡಿಮ್ಯಾಲ ಇಟ್ಕೊಂಡು ತಂದಾನ್ರಿ ಮಾಮಾ," ಎಂದ ಮಲ್ಲು. "ಕೈಯಾಗ ಹಿಡದ ಕೂಡಲೇ ಅವಂಗ ಸಂಶೇ ಬಂತಂತ. ಟೀಚರಮ್ಮನ ರೊಟ್ಟಿ ಇಷ್ಟು ವಜ್ಜಿ ಇರಂಗಿಲ್ಲಂತ ಅಕ್ಕಗ ಫೋನ್ ಮಾಡಿದ್ನಂತ."

"ಮತ್ತ ನನಗ್ಯಾಕ ಹೇಳಲಿಲ್ಲೋ?"

"ಮಾಮಾನ ಫೋನ್ ಎತ್ತಬ್ಯಾಡ, ಒಂದೀಟ ಹೆದರ್ಲಿ ಅಂದಾಳ್ರಿ ಅಕ್ಕ." ನನ್ನ ಚೀಲದ ಕಡೆ ನೋಡಿದ. "ಇರ್ಲಿ, ರೊಟ್ಟಿ ತಗೀರಿ ಮಾಮಾ. ಮುಂಜಾನಿಂದ ಏನೂ ತಿಂದಿಲ್ಲ."

ಶರಣಪ್ಪ ತನ್ನ ಬೈಕಿನ ಚಕ್ರದ ಗಾಳಿ ನೋಡಲು ಹೋದ. ಅಷ್ಟರಲ್ಲಿ ಮಹಾದೇವಿಯ ಫೋನು ಬಂತು. "ಇಪ್ಪತ್ತು ವರ್ಷ ಉಂಡೀರಿ. ಆ ಕಂಡಕ್ಟರಗ ಗೊತ್ತಿದ್ದಷ್ಟೂ ನನ್ನ ರೊಟ್ಟಿ ನಿಮಗ ಗೊತ್ತಿಲ್ಲಲ್ರಿ?" ಎಂದಳು. ಇಲ್ಲ ಎನ್ನುವುದೊಂದೇ ನನಗೆ ಉಳಿದ ದಾರಿ. ಚೆನ್ನಾಗಿ ಗೊತ್ತು, ಈಗಷ್ಟೇ ಮೂರು ತಿಂದು ಬಂದೆ ಎಂದು ಹಸಿದ ಮಲ್ಲುವಿನ ಎದುರು ನಿಂತು ಹೇಳುವುದು ಹೇಗೆ?